ಹಳೆಯ ಪುಸ್ತಕದ ಒಂದು ಸಾಲು ಯಾರಿಗೋ ಚುಚ್ಚಿದರೆ ಓದುಕೂಟ ಏನು ಮಾಡಬೇಕು?

ಬೀಸುಕಲ್ಲು · ವಿಜಯಪುರ

ಒಂದು ವಾರದಿಂದ ತಲೆ ಕೊರೆಯುತ್ತಿರುವ ವಿಷಯ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮದು 11 ಜನರ ಓದುಕೂಟ. ತಿಂಗಳ ಎರಡನೇ ರವಿವಾರ ಸಂಜೆ ಸಿದ್ಧೇಶ್ವರ ಗುಡಿಯಿಂದ ಸ್ವಲ್ಪ ದೂರದ ಒಂದು ಮನೆಯ ಮಾಳಿಗೆಯ ಮೇಲೆ ಸೇರುತ್ತೇವೆ. ಎಲ್ಲರೂ ಮೊದಲೇ ಓದಿಕೊಂಡು ಬರಬೇಕು ಅನ್ನುವ ಕಟ್ಟಳೆ ಇಲ್ಲ. ಒಬ್ಬರು ಗಟ್ಟಿಯಾಗಿ ಓದುತ್ತಾರೆ, ಉಳಿದವರು ಕೇಳುತ್ತಾರೆ. ಆಮೇಲೆ ಮಾತು, ಚಹಾ, ಚುರಮುರಿ. ಕೆಲವರು ಚುರಮುರಿಗೇ ಬರುತ್ತಾರೆ ಅನ್ನುವ ಗುಮಾನಿ ನನಗಿದೆ.

ಹೋದ ಸಲ 'ಗರತಿಯ ಹಾಡು' ಹಿಡಿದಿದ್ದೆವು. ನಮ್ಮದೇ ಜಿಲ್ಲೆಯ ಹಲಸಂಗಿ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರೆದುಕೊಂಡು 1931ರಲ್ಲಿ ಅಚ್ಚು ಹಾಕಿಸಿದ ತ್ರಿಪದಿಗಳು. ತವರು, ತೊಟ್ಟಿಲು, ಅಣ್ಣ-ತಂಗಿ ಎಲ್ಲ ಓದಿ ಮಕ್ಕಳಿಲ್ಲದವಳ ಪದಕ್ಕೆ ಬಂದೆವು. ಬಹಳ ಜನರಿಗೆ ಬಾಯಿಪಾಠ ಇರುವ ಪದ ಅದು. ಅವಳ ಬಾಳು ಬಾಡಿಗೆ ಎತ್ತು ದುಡಿದ ಹಾಗೆ, ಬಾಳೆಲೆ ಹಾಸಿ ಉಂಡು ಬೀಸಿ ಒಗೆದ ಹಾಗೆ ಅಂತ. ಓದಿದವರು ಚಲೋ ಧಾಟಿಯಲ್ಲಿ ಓದಿದರು. ನಾವೆಲ್ಲ 'ವ್ಹಾ' ಅಂದೆವು. ಬಾಳೆಲೆಯ ಆ ಮಾತಿಗೆ ಯಾರು ತಾನೇ ಅನ್ನುವುದಿಲ್ಲ?

ನಮ್ಮ ಕೂಟದಲ್ಲಿ ಒಬ್ಬ ಅಕ್ಕ ಇದ್ದಾರೆ. ಐವತ್ತರ ಹತ್ತಿರ. ಮಕ್ಕಳಿಲ್ಲ. ಅದು ನಮಗೆಲ್ಲ ಗೊತ್ತು. ಗೊತ್ತಿದ್ದೂ ಆ ಹೊತ್ತಿಗೆ ಒಬ್ಬರಿಗೂ ನೆನಪಾಗಲಿಲ್ಲ. ಅವರು ಚಹಾ ಬರುವ ಮೊದಲೇ ಚಪ್ಪಲಿ ಹಾಕಿಕೊಂಡು ಇಳಿದು ಹೋದರು. ರಾತ್ರಿ ಫೋನ್ ಮಾಡಿದೆ. 'ಆ ಪದ ನನಗೆ ಹೊಸದಲ್ಲ, ಚಿಕ್ಕಂದಿನಿಂದ ಕೇಳಿದ್ದೇನೆ. ಪದದ ಮೇಲೆ ಸಿಟ್ಟಿಲ್ಲ. ನೀವೆಲ್ಲ ವ್ಹಾ ಅಂದಿರಲ್ಲ, ಅದು' ಅಂದರು. ಅಷ್ಟೇ. ಮುಂದೆ ಮಾತಾಡಲಿಲ್ಲ.

ಈಗ ಕೂಟದಲ್ಲಿ ಎರಡು ಬಣ. ಇಂಥ ಪದ ಬಿಟ್ಟು ಓದೋಣ ಅನ್ನುವವರು ಕೆಲವರು. ಹೀಗೆ ಬಿಡುತ್ತಾ ಹೋದರೆ ಕೊನೆಗೆ ರಟ್ಟು ಮಾತ್ರ ಉಳಿಯುತ್ತದೆ ಅನ್ನುವವರು ಕೆಲವರು. ನಿಮ್ಮ ಊರಿನ ಕೂಟಗಳಲ್ಲಿ ಏನು ಮಾಡುತ್ತೀರಿ? ಜಾತಿಯ ಮಾತು, ಹೆಂಗಸರ ಮೇಲಿನ ಮಾತು, ಬೇರೆ ಧರ್ಮದವರ ಮೇಲಿನ ಮಾತು, ಹಳೆಯ ಪುಸ್ತಕ ಅಂದ ಮೇಲೆ ಇದ್ದೇ ಇರುತ್ತದೆ ಅಲ್ವಾ?

ಹಳೇ ಹಾಜರಿ ಪುಸ್ತಕ · ವಿಜಯಪುರ

ನಾನು ಬಿಡಬಾರದು ಅನ್ನುವ ಬಣ. ಮೂವತ್ತು ವರ್ಷ ಕನ್ನಡ ಕಲಿಸಿದ ಮೇಲೆ ಹೇಳುತ್ತಿದ್ದೇನೆ.

ರಾಘವಾಂಕನ 'ಹರಿಶ್ಚಂದ್ರ ಕಾವ್ಯ' ತೆಗೆದುಕೊಳ್ಳಿ. ಹಾಡುವ ಹೊಲತಿಯರು ಅರಸನ ಮುಂದೆ ಬರುತ್ತಾರೆ. ಹಾಡಿಗೆ ಅವನು ಮೆಚ್ಚುತ್ತಾನೆ. ನಿನ್ನ ಸತ್ತಿಗೆ (ಅರಸನ ಕೊಡೆ) ಕೊಡು ಅಂದರೆ ಕೊಡುವುದಿಲ್ಲ. ಹಾಗಾದರೆ ನಮ್ಮನ್ನು ಮದುವೆಯಾಗು ಅಂದರೆ ಜಾತಿ ಎತ್ತುತ್ತಾನೆ. ಆಗ ಆ ಹೆಣ್ಣುಮಕ್ಕಳು ತಿರುಗಿ ಕೇಳುವುದನ್ನು ನೋಡಿ. ನಮ್ಮ ಹಾಡು ಕೇಳಿದ ಕಿವಿಗೆ ಮೈಲಿಗೆ ಆಗಲಿಲ್ಲ, ನಮ್ಮ ರೂಪ ಕಂಡ ಕಣ್ಣಿಗೆ ಆಗಲಿಲ್ಲ, ನಮ್ಮ ಜೊತೆ ಮಾತಾಡಿದ ಬಾಯಿಗೆ ಆಗಲಿಲ್ಲ, ಮೈಗೆ ಮಾತ್ರ ಹೇಗೆ ಆಗುತ್ತದೆ? ಅರಸನ ಹತ್ತಿರ ಸರಿಯಾದ ಉತ್ತರವಿಲ್ಲ. ಕೊನೆಗೆ ಹೊಡೆದು ಓಡಿಸುತ್ತಾನೆ. ಅರಸನ ಮಾತು ಜಾತಿಯದು, ಬಿಡೋಣ ಅಂದರೆ ಆ ಹೆಣ್ಣುಮಕ್ಕಳ ಪ್ರಶ್ನೆಯೂ ಹೋಯಿತು. ಉತ್ತರ ಇಲ್ಲದೆ ಕೈ ಎತ್ತಿದವನು ಅರಸ ಅನ್ನುವುದೂ ಹೋಯಿತು.

ಇನ್ನೊಂದು. ನಮ್ಮ ಊರಿನ ವಕೀಲ ಫ.ಗು. ಹಳಕಟ್ಟಿಯವರು ಮನೆ ಮನೆ ತಿರುಗಿ ವಚನಗಳ ಓಲೆಗರಿ ಕೂಡಿಸಿದರು. 'ವಚನಶಾಸ್ತ್ರಸಾರ' 1923ರಲ್ಲಿ ಹೊರಬಂತು. ವಚನ ಅಚ್ಚು ಹಾಕಲಿಕ್ಕೆ ಅಂತ ವಿಜಯಪುರದಲ್ಲಿ ತಾವೇ ಹಿತಚಿಂತಕ ಮುದ್ರಣಾಲಯ ಹಾಕಿದರು. ಇಷ್ಟು ಕಷ್ಟಪಟ್ಟು ಉಳಿಸಿದವರ ನಾಡಿನಲ್ಲಿ ನಾವು ಕೂತಲ್ಲೇ ಸೋಸಿ ಚೆಲ್ಲುವುದು ಸರಿಯೇ?

'ಗರತಿಯ ಹಾಡಿ'ನ ಆ ಪದ ಹೇಳಿದವಳೂ ಹೆಂಗಸೇ. ಅದು ಮಕ್ಕಳಿಲ್ಲದವಳನ್ನು ಹೀಯಾಳಿಸುವ ಪದವಲ್ಲ. ಅವಳ ಸಂಕಟದ ಪದ.

ಎರಡನೇ ಸಾಲು · ಸಿಂದಗಿ

ಸರ್, ನಿಮ್ಮ ಮಾತಿಗೆ ಗೌರವ ಇದೆ. ಒಂದೇ ಪ್ರಶ್ನೆ. ಅದು ಸಂಕಟದ ಪದ ಅಂತ ಗೊತ್ತಿದ್ದ ಮೇಲೆ ಬಾಯಲ್ಲಿ 'ವ್ಹಾ' ಹೇಗೆ ಬಂತು?

ನನ್ನ ಅನುಭವ ಹೇಳುತ್ತೇನೆ. ಡಿಗ್ರಿ ಓದುವಾಗ ಒಂದು ಕೂಟಕ್ಕೆ ಹೋಗುತ್ತಿದ್ದೆ. ಯಾವುದು ಅಂತ ಬೇಡ. ಒಂದು ದಿನ ಬಸವಣ್ಣನವರ ವಚನ ಓದಿದರು. ಕೊಲ್ಲುವವನೇ ಮಾದಿಗ, ಹೊಲಸು ತಿನ್ನುವವನೇ ಹೊಲೆಯ ಅಂತ ಶುರುವಾಗುತ್ತದಲ್ಲ, ಅದು. ಹುಟ್ಟಿನಿಂದ ಯಾರೂ ಕೀಳಲ್ಲ, ಎಲ್ಲ ಜೀವಕ್ಕೂ ಒಳ್ಳೆಯದು ಬಯಸುವವನೇ ಕುಲಜ ಅನ್ನುವ ವಚನ. ಅರ್ಥ ನನಗೂ ಗೊತ್ತು. ಶಾಲೆಯಲ್ಲೂ ಓದಿಸಿದ್ದಾರೆ. ಆದರೆ ಅಲ್ಲಿ ಕೂತು ಕೇಳುವಾಗ ಇನ್ನೊಂದು ಸಂಗತಿ ಹೊಳೆಯಿತು. ಹುಟ್ಟಿನ ಜಾತಿ ಹೋಯಿತು ಸರಿ. ಕೆಟ್ಟವನಿಗೆ ಇಡಲು ಸಿಕ್ಕ ಹೆಸರು ಮಾತ್ರ ನಮ್ಮ ಓಣಿಯದೇ.

ಅದೂ ಇರಲಿ. 800 ವರ್ಷದ ಹಿಂದಿನ ಮಾತು, ಆ ಕಾಲದಲ್ಲಿ ಅಷ್ಟು ಹೇಳಿದ್ದೇ ದೊಡ್ಡದು. ನನಗೆ ತಾಗಿದ್ದು ಬೇರೆ. ಓದಿ ಮುಗಿಯುತ್ತಿದ್ದ ಹಾಗೆ ಕೂತಿದ್ದ ಅಷ್ಟೂ ಜನ ನನ್ನ ಕಡೆ ತಿರುಗಿದರು. ಒಬ್ಬರು ಬಹಳ ಪ್ರೀತಿಯಿಂದ 'ನಿಮಗೆ ಏನನಿಸುತ್ತದೆ, ಹೇಳಿ' ಅಂದರು. ಅಲ್ಲಿಯತನಕ ನಾನು ಒಬ್ಬ ಓದುಗ. ಆ ಕ್ಷಣದಿಂದ ಸಮುದಾಯದ ವಕ್ತಾರ. ಕಾದಂಬರಿ ಓದಿದಾಗ ನನ್ನ ಅಭಿಪ್ರಾಯ ಕೇಳದವರು ಅವತ್ತು ಪೆನ್ನು ಹಿಡಿದುಕೊಂಡು ಕೂತರು. ನಾಲ್ಕು ತಿಂಗಳು ಆ ಕಡೆ ತಲೆ ಹಾಕಲಿಲ್ಲ.

ಆದ್ದರಿಂದ ಬಿಡಬೇಕೋ ಓದಬೇಕೋ ಅನ್ನುವುದು ನನ್ನ ಪ್ರಕಾರ ಎರಡನೇ ಮಾತು. ಓದಿದ ಮೇಲೆ ಕಣ್ಣು ಯಾರ ಕಡೆ ತಿರುಗುತ್ತದೆ ಅನ್ನುವುದು ಮೊದಲನೆಯದು.

ಮಿರ್ಚಿ ಭಜಿ · ಬೆಳಗಾವಿ

ಇಷ್ಟು ಸೂಕ್ಷ್ಮ ಆದರೆ ಕಷ್ಟ ರೀ. ಪಂಚಾಂಗ ಬಿಟ್ಟು ಬೇರೆ ಏನೂ ಓದಲಿಕ್ಕೆ ಆಗುವುದಿಲ್ಲ.

ಇಳಕಲ್ ಸೆರಗು · ಬಾಗಲಕೋಟೆ

ಅಣ್ಣಾ, ಪಂಚಾಂಗದ ಶಕುನದ ಪುಟ ಒಮ್ಮೆ ಓದಿ ನೋಡಿ. ಎದುರಿಗೆ ಯಾರು ಬಂದರೆ ಕೆಲಸ ಕೆಡುತ್ತದೆ ಅಂತ ಪಟ್ಟಿ ಕೊಟ್ಟಿರುತ್ತಾರೆ. ವಿಧವೆ ಎಷ್ಟನೇ ಸಾಲಲ್ಲಿ ಇದ್ದಾಳೆ ನೋಡಿಕೊಂಡು ಬನ್ನಿ.

ಮಿರ್ಚಿ ಭಜಿ · ಬೆಳಗಾವಿ

ನೋಡಿದೆ ಅಕ್ಕಾ. ಸುಮ್ಮನಾದೆ.

ಟಿಳಕವಾಡಿ ಸಾಯಂಕಾಲ · ಬೆಳಗಾವಿ

ನಮ್ಮ ಕೂಟದಲ್ಲಿ ಇಂಗ್ಲಿಷ್ ಪುಸ್ತಕ ಜಾಸ್ತಿ. ಕನ್ನಡ ಮನೆಮಾತಿನವರು, ಮರಾಠಿ ಮನೆಮಾತಿನವರು, ಕೊಂಕಣಿಯವರು ಎಲ್ಲ ಇದ್ದೇವೆ, ಹಾಗಾಗಿ ಇಂಗ್ಲಿಷ್ ನಡುವಿನ ಕಟ್ಟೆ ಇದ್ದ ಹಾಗೆ. ಅಲ್ಲಿ ಈ ಜಗಳ ಇನ್ನೂ ಜೋರು.

ಮಾರ್ಕ್ ಟ್ವೈನ್ ಬರೆದ 'ಹಕಲ್‌ಬೆರಿ ಫಿನ್' ಕೇಳಿರುತ್ತೀರಿ. ಕರಿಯರನ್ನು ಬೈಯುವ ಒಂದು ಪದ ಅದರಲ್ಲಿ 200ಕ್ಕೂ ಹೆಚ್ಚು ಸಲ ಬರುತ್ತದೆ. 2011ರಲ್ಲಿ ಅಮೆರಿಕದ ಒಂದು ಪ್ರಕಾಶನ ಆ ಪದ ತೆಗೆದು ಎಲ್ಲ ಕಡೆ 'ಗುಲಾಮ' ಅನ್ನುವ ಅರ್ಥದ ಪದ ಹಾಕಿ ಅಚ್ಚು ಮಾಡಿತು. ಮಾಡಿದವರು ಆ ಲೇಖಕನ ಮೇಲೆಯೇ ಕೆಲಸ ಮಾಡಿದ ಪ್ರೊಫೆಸರು. ಶಾಲೆಗಳು ಪುಸ್ತಕವನ್ನೇ ಕೈಬಿಡುತ್ತಿವೆ, ಹೀಗಾದರೂ ಮಕ್ಕಳು ಓದಲಿ ಅನ್ನುವುದು ಅವರ ವಾದ. ನಾನು ಮೊದಲು ನಕ್ಕಿದ್ದೆ. ಆಮೇಲೆ ಯೋಚಿಸಿದೆ. ಇಡೀ ತರಗತಿಯಲ್ಲಿ ಒಂದೇ ಒಂದು ಕರಿಯ ಮಗು ಇದ್ದು, ಟೀಚರು ಆ ಪದವನ್ನು 200 ಸಲ ಗಟ್ಟಿಯಾಗಿ ಓದಿದರೆ? ಸಿಂದಗಿಯವರು ಹೇಳಿದ ಕಣ್ಣು ತಿರುಗುವುದು ಅಲ್ಲೂ ಆಗುತ್ತದೆ.

ಹಾಗಂತ ಪದ ಬದಲಿಸುವುದು ನನಗೆ ಒಪ್ಪಿಗೆಯಿಲ್ಲ. ಪದ ತೆಗೆದ ಮೇಲೆ ಆ ಊರಿನ ಜನ ಎಲ್ಲರೂ ಸ್ವಲ್ಪ ಸಭ್ಯರಾಗಿ ಕಾಣುತ್ತಾರೆ. ಲೇಖಕನ ಸಿಟ್ಟು ಇದ್ದದ್ದೇ ಆ ಜನರ ಮೇಲೆ. 2023ರಲ್ಲಿ ರೋಆಲ್ಡ್ ಡಾಲ್ ಅವರ ಮಕ್ಕಳ ಪುಸ್ತಕಗಳಲ್ಲಿ 'ದಪ್ಪ' ಅನ್ನುವಂಥ ಪದಗಳನ್ನೆಲ್ಲ ತಿದ್ದಿದರು. ಗಲಾಟೆ ಎಷ್ಟಾಯಿತು ಅಂದರೆ, ತಿದ್ದದ ಹಳೆಯ ಪುಸ್ತಕವನ್ನೂ ಬೇರೆಯಾಗಿ ಮಾರುತ್ತೇವೆ ಅಂತ ಪ್ರಕಾಶಕರೇ ಹೇಳಬೇಕಾಯಿತು. ಈಗ ಅಂಗಡಿಯಲ್ಲಿ ಎರಡೂ. ಯಾರಿಗೆ ಏನು ಸಿಕ್ಕಿತೋ, ವ್ಯಾಪಾರವಂತೂ ಆಯಿತು.

ನಾವು ಮಾಡುವುದು ಇಷ್ಟು. ಪುಸ್ತಕ ಆರಿಸಿದವರು ಮೊದಲೇ ಗುಂಪಿಗೆ ಒಂದು ಸಾಲು ಮೆಸೇಜ್ ಹಾಕುತ್ತಾರೆ. ಇದರಲ್ಲಿ ಇಂಥ ಇಂಥ ಮಾತು ಇದೆ ಅಂತ. ಬರುವವರು ಮನಸ್ಸು ಗಟ್ಟಿ ಮಾಡಿಕೊಂಡು ಬರುತ್ತಾರೆ, ಬೇಡದವರು ಆ ತಿಂಗಳು ಬರುವುದಿಲ್ಲ. ಯಾಕೆ ಬರಲಿಲ್ಲ ಅಂತ ಯಾರೂ ಕೇಳಬಾರದು. ಇದೊಂದು ನಿಯಮ ಗಟ್ಟಿ.

ಪತ್ತಾರ ಓಣಿ · ಜಮಖಂಡಿ

ನಮ್ಮದು ಪತ್ತಾರಿಕೆಯ ಮನೆ, ಅಂದರೆ ಅಕ್ಕಸಾಲೆಗಳು. ಸರ್ವಜ್ಞನ ಪದ ಓದುವ ಕಡೆ ನಾನು ಯಾವಾಗಲೂ ಬಾಗಿಲ ಹತ್ತಿರ ಕೂಡುತ್ತೇನೆ.

ಅಕ್ಕಸಾಲೆಯ ಮಗ ಚಿಕ್ಕವನು ಅನ್ನಬೇಡ, ಚಿಮ್ಮಟದಲ್ಲೇ (ಇಕ್ಕಳದಲ್ಲೇ) ಕದಿಯುತ್ತಾನೆ ಅನ್ನುವ ಪದ ಶಾಲೆಯಲ್ಲಿ ನನ್ನ ಗೆಳೆಯರಿಗೆಲ್ಲ ಬಾಯಿಪಾಠ ಇತ್ತು. ಯಾರದಾದರೂ ಪೆನ್ಸಿಲ್ ಕಳೆದರೆ ಮೊದಲು ನನ್ನ ಚೀಲ ನೋಡುತ್ತಿದ್ದರು. ತಮಾಷೆಗೇ. ಅದೇ ಸರ್ವಜ್ಞ, ಕೀಳು ಅನ್ನಿಸಿಕೊಂಡವನ ಮನೆಯ ಜ್ಯೋತಿಯೂ ಕೀಳಾ ಅಂತ ಕೇಳಿದವನು. ಒಂದೇ ಬಾಯಿ. ಅವನಿಗೆ ಜಾತಿಯ ಮೇಲೆ ಸಿಟ್ಟಿತ್ತು, ಕಸುಬಿನವರ ಮೇಲೆ ಗುಮಾನಿಯೂ ಇತ್ತು. ಎರಡೂ ಒಟ್ಟಿಗೆ ಇರಬಹುದು ಅಂತ ನನಗೆ ಗೊತ್ತಾಗಲಿಕ್ಕೆ ಮೂವತ್ತು ವರ್ಷ ಬೇಕಾಯಿತು.

ನಮ್ಮ ಅಪ್ಪನಿಗೆ ಇಷ್ಟೆಲ್ಲ ಯೋಚನೆ ಇರಲಿಲ್ಲ. ಅಂಗಡಿಯಲ್ಲಿ ಯಾರಾದರೂ ಆ ಪದ ಹೇಳಿದರೆ ತಕ್ಕಡಿ ಅವರ ಕಡೆ ತಿರುಗಿಸಿ, 'ಸರ್ವಜ್ಞನ ಬಾಕಿ ಇನ್ನೂ ನಮ್ಮ ಪುಸ್ತಕದಲ್ಲಿ ಇದೆ, ನೀವು ಕೊಟ್ಟು ಹೋಗುತ್ತೀರಾ?' ಅನ್ನುತ್ತಿದ್ದರು.

ನಾಟಕದ ಪೇಟಿ · ಗುಳೇದಗುಡ್ಡ

ನಮ್ಮದು ಪುಸ್ತಕದ ಕೂಟ ಅನ್ನುವುದಕ್ಕಿಂತ ನಾಟಕ ಓದುವ ಕೂಟ. ಹಳೆಯ ಕಂಪನಿ ನಾಟಕಗಳು. ಆಡುವುದಿಲ್ಲ, ಪಾತ್ರ ಹಂಚಿಕೊಂಡು ಕೂತಲ್ಲೇ ಓದುತ್ತೇವೆ.

ಆ ನಾಟಕಗಳಲ್ಲಿ ಒಬ್ಬ ಸಾಬರ ಆಳು ಬರುತ್ತಾನೆ ನೋಡಿ. ಹರಕು ಮುರುಕು ಕನ್ನಡ ಮಾತಾಡಿ ಜನರನ್ನು ನಗಿಸುವವನು. ಆ ಪಾತ್ರ ಬಂದಾಗ ಮುಜುಗರ ಶುರು, ಯಾಕೆಂದರೆ ನಮ್ಮ ಕೂಟದಲ್ಲಿ ಮಗ್ಗದ ಕೆಲಸ ಮಾಡುವ ಒಬ್ಬ ಮುಸ್ಲಿಂ ಹಿರಿಯರಿದ್ದಾರೆ. ಅವರ ಕನ್ನಡ ನಮ್ಮೆಲ್ಲರಿಗಿಂತ ಚಲೋ. ಹಳಗನ್ನಡದ ಪದ್ಯ ಅರ್ಥ ಆಗದಿದ್ದರೆ ನಾವು ಅವರನ್ನೇ ಕೇಳುವುದು.

ಒಂದು ಸಲ ಇಂಥ ನಾಟಕ ಬಂತು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದೆವು. ಅವರೇ ಪುಸ್ತಕ ಎಳೆದುಕೊಂಡು 'ಆ ಪಾತ್ರ ನನಗೆ ಬಿಡಿ' ಅಂದರು. ಅಷ್ಟೇ ಅಲ್ಲ, ಹರಕು ಕನ್ನಡದ ಮಾತುಗಳನ್ನೆಲ್ಲ ಓದುತ್ತಲೇ ನೆಟ್ಟಗೆ ಮಾಡಿಕೊಂಡು ಓದಿದರು. ಶುದ್ಧ ಗುಳೇದಗುಡ್ಡದ ಕನ್ನಡ. ಒಬ್ಬರೂ ನಗಲಿಲ್ಲ. ನಗುವಂಥದ್ದು ಅದರಲ್ಲಿ ಏನೂ ಉಳಿದಿರಲಿಲ್ಲ. ತಮಾಷೆ ಅಂದರೆ ಎದುರಿಗೆ ಇದ್ದ ಗೌಡನ ಪಾತ್ರ ಪೆದ್ದನ ಹಾಗೆ ಕಾಣತೊಡಗಿತು. ಆಳು ಸರಿಯಾಗಿಯೇ ಮಾತಾಡುತ್ತಿದ್ದಾನೆ, ಇವನು ಯಾಕೆ ಸುಮ್ನೆ ಬೈಯುತ್ತಿದ್ದಾನೆ ಅಂತ. ಕೊನೆಗೆ ಮೊದಲು ನಕ್ಕವರು ಅವರೇ. ಆಮೇಲೆ ನಾವೂ ನಕ್ಕೆವು. ಆದರೆ ಆ ನಗು ನಾಟಕ ಬರೆದವರು ಇಟ್ಟ ಜಾಗದ್ದಲ್ಲ.

ಇದನ್ನು ಎಲ್ಲ ಕಡೆ ಮಾಡಿ ಅಂತ ಹೇಳುತ್ತಿಲ್ಲ. ಅವರಿಗೆ ಆ ಎದೆಗಾರಿಕೆ ಇತ್ತು, ನಮ್ಮ ಜೊತೆ 20 ವರ್ಷದ ಸಲಿಗೆ ಇತ್ತು. ಹೊಸಬರಿಗೆ 'ನೀವೇ ಓದಿ' ಅಂತ ಪುಸ್ತಕ ದೂಡಿದರೆ ಅದು ಶಿಕ್ಷೆ.

ಇಳಕಲ್ ಸೆರಗು · ಬಾಗಲಕೋಟೆ

ನವನಗರದಲ್ಲಿ ನಮ್ಮದು ಹೆಂಗಸರ ಕೂಟ. ಮಧ್ಯಾಹ್ನ 3ರಿಂದ 5. ನಮ್ಮ ಕಷ್ಟ ಬೇರೆ. ನಮ್ಮಲ್ಲಿ ಒಂದೇ ಮನೆಯ ಅತ್ತೆ-ಸೊಸೆ ಇಬ್ಬರೂ ಇದ್ದಾರೆ.

ಐವತ್ತು ಅರವತ್ತು ವರ್ಷದ ಹಿಂದಿನ ಮನೆತನದ ಕಾದಂಬರಿ ಒಂದನ್ನು ಓದಿದೆವು. ಹೆಸರು ಹೇಳುವುದಿಲ್ಲ, ಹೇಳಿದರೆ ಇಲ್ಲಿ ಬೇರೆಯೇ ಜಗಳ ಶುರುವಾಗುತ್ತದೆ. ಎಲ್ಲವನ್ನೂ ಸಹಿಸುವ ಸೊಸೆ. ಗಂಡ ಕೈ ಎತ್ತುತ್ತಾನೆ, ಅವಳು ದೇವರ ಮುಂದೆ ದೀಪ ಹಚ್ಚುತ್ತಾಳೆ. ಕೊನೆಯಲ್ಲಿ ಗಂಡ ಬದಲಾಗುತ್ತಾನೆ. ಚಿಕ್ಕವರೆಲ್ಲ 'ಇದೇನು ಹುಚ್ಚುತನ' ಅಂದರು. ಅತ್ತೆಯಾದವರು ಎದ್ದು ಕೂತು, 'ಈ ಪುಸ್ತಕ ನನ್ನ ಮದುವೆಯಾದ ವರ್ಷ ಓದಿದ್ದೆ. ರಾತ್ರಿ ಎಲ್ಲ ಮಲಗಿದ ಮೇಲೆ ಚಿಮಣಿ ಬೆಳಕಲ್ಲಿ. ಇದರಲ್ಲಿನ ಹುಡುಗಿಯಂಥವಳು ಇನ್ನೊಬ್ಬಳು ಇದ್ದಾಳೆ ಅಂತ ಅನಿಸಿದ್ದಕ್ಕೇ ನಾನು ಆ ಮನೆಯಲ್ಲಿ ಉಳಿದೆ' ಅಂದರು.

ನಾವೆಲ್ಲ ಗಪ್‌ಚುಪ್. ಸೊಸೆ ಮೆಲ್ಲಗೆ, 'ಅತ್ತೀ, ನೀವು ಉಳಿಯಬಾರದಿತ್ತೋ ಏನೋ' ಅಂದಳು. ಅತ್ತೆ ಬಹಳ ಹೊತ್ತು ಅವಳನ್ನು ನೋಡಿದರು. ಆಮೇಲೆ ಏನಂದರು ಅಂತ ಇಲ್ಲಿ ಬರೆಯುವುದಿಲ್ಲ, ಅದು ಆ ಮನೆಯ ಮಾತು. ನಾನು ಹೇಳುವುದು, ಆ ಪುಸ್ತಕ ಕೆಟ್ಟದ್ದು ಅಂತ ಬದಿಗಿಟ್ಟಿದ್ದರೆ ಈ ಮಾತು ಹೊರಗೆ ಬರುತ್ತಿರಲಿಲ್ಲ. ಒಳ್ಳೆಯದು ಅಂತ ಹೊಗಳಿ ಮುಗಿಸಿದ್ದರೂ ಬರುತ್ತಿರಲಿಲ್ಲ.

ಲೈಬ್ರರಿ ಚೀಟಿ · ಗೋಕಾಕ

ಒಂದು ಸಣ್ಣ ಮಾತು ಸೇರಿಸುತ್ತೇನೆ. ಬಿಡಬಾರದು, ಸೋಸಬಾರದು ಅಂತ ಮಾಸ್ತರರು ಹೇಳಿದರು. ಆದರೆ ನಮ್ಮ ಕೈಗೆ ಬಂದ ಪುಸ್ತಕ ಆಗಲೇ ಸೋಸಿ ಬಂದದ್ದು ಅಲ್ವಾ? 'ಗರತಿಯ ಹಾಡು' ಅನ್ನುವ ಹೆಸರನ್ನೇ ನೋಡಿ. ಬೀಸುವ ಕಲ್ಲಿನ ಮುಂದೆ ಕೂತವರೆಲ್ಲ ಬರೀ ಗರತಿಯರಾ? ಕಿಡಿಗೇಡಿಗಳು ಇರಲಿಲ್ಲವಾ? ಗಂಡನಿಗೆ ಬೈದ ಪದ, ನಗೆಚಾಟಿಕೆಯ ಪದ, ಹಸಿ ಹಸಿ ಪದ ಎಲ್ಲ ನಮ್ಮ ಅಜ್ಜಿಯರ ಬಾಯಲ್ಲಿ ಇದ್ದವು. ಹೆಸರು ಇಟ್ಟ ಕೂಡಲೇ ಯಾವ ಪದ ಒಳಗೆ, ಯಾವುದು ಹೊರಗೆ ಅಂತ ಅರ್ಧ ತೀರ್ಮಾನ ಆಗಿಬಿಡುತ್ತದೆ. ಹಲಸಂಗಿ ಗೆಳೆಯರದು ದೊಡ್ಡ ಕೆಲಸ, ಎರಡು ಮಾತಿಲ್ಲ. ಅವರು ಬರೆದುಕೊಳ್ಳದಿದ್ದರೆ ಇದೂ ಇರುತ್ತಿರಲಿಲ್ಲ. ಆದರೂ ಆರಿಸಿದ್ದು ಗಂಡಸರು, 1931ರಲ್ಲಿ. ಅದನ್ನೂ ನೆನಪಿಟ್ಟುಕೊಂಡು ಓದಬೇಕು.

ಮುನ್ನುಡಿ ಬಿಟ್ಟು ನೇರ ಒಳಗೆ ಹೋಗುವ ಚಟ ನಮಗೆಲ್ಲ ಇದೆ. ಹಳೆಯ ಪುಸ್ತಕಕ್ಕೆ ಅದು ಮಾಡಬೇಡಿ. ಯಾರು, ಯಾರಿಗಾಗಿ, ಯಾವಾಗ ಕಟ್ಟಿದ ಗಂಟು ಅಂತ ಅಲ್ಲೇ ಗೊತ್ತಾಗುತ್ತದೆ.

ಎರಡನೇ ಸಾಲು · ಸಿಂದಗಿ

ನಾನು ಆ ಕೂಟಕ್ಕೆ ವಾಪಸ್ ಹೋದದ್ದು ಹೇಗೆ ಅಂತ ಒಬ್ಬರು ಖಾಸಗಿಯಾಗಿ ಕೇಳಿದರು. ಇಲ್ಲೇ ಹೇಳುತ್ತೇನೆ.

ಅಲ್ಲಿನ ಒಬ್ಬ ಮೇಡಂ ಫೋನ್ ಮಾಡಿ ಕ್ಷಮೆ ಗಿಮೆ ಏನೂ ಕೇಳಲಿಲ್ಲ. 'ಮುಂದಿನ ವಾರ ಓದುವ ವಚನ ನೀನು ಆರಿಸು, ಯಾವುದಾದರೂ ಸರಿ' ಅಂದರು. ನಾನು ಕಾಳವ್ವೆಯ ವಚನ ಆರಿಸಿದೆ. ಉರಿಲಿಂಗಪೆದ್ದಿಯ ಹೆಂಡತಿ. ಅವಳೂ 12ನೇ ಶತಮಾನದವಳೇ. ಕುರಿ, ಕೋಳಿ, ಕಿರುಮೀನು ತಿನ್ನುವವರನ್ನು ಕುಲಜರು ಅನ್ನುತ್ತೀರಿ. ಶಿವನಿಗೆ ಪಂಚಾಮೃತ ಕೊಡುವ ಹಸುವನ್ನು ತಿನ್ನುವ ಮಾದಿಗನನ್ನು ಮಾತ್ರ ಕೀಳುಜಾತಿ ಅನ್ನುತ್ತೀರಿ. ಅದು ಹೇಗೆ ಅಂತ ಕೇಳುತ್ತಾಳೆ. ಅವಳು ಬಳಸುವುದೂ ಅದೇ ಜಾತಿಯ ಹೆಸರು. ಆದರೆ ಅಲ್ಲಿ ಅದು ಬೈಗುಳ ಅಲ್ಲ. ಅವಳ ಮನೆಯ ವಿಳಾಸ.

ಎರಡೂ ವಚನ ಒಂದರ ಪಕ್ಕ ಒಂದು ಇಟ್ಟು ಓದಿದೆವು. ಅವತ್ತು ಯಾರೂ ನನ್ನ ಕಡೆ ತಿರುಗಲಿಲ್ಲ. ಹಾಳೆಯ ಕಡೆ ನೋಡುತ್ತಿದ್ದರು. ಬಸವಣ್ಣನವರ ವಚನ ನನಗೆ ಈಗಲೂ ಪೂರ್ತಿ ಹಿತವಲ್ಲ. ಕೇಳಿದರೆ ಹೇಳುತ್ತೇನೆ. ಕೇಳದಿದ್ದರೂ ನನಗೆ ಬೇಕಾದಾಗ ಹೇಳುತ್ತೇನೆ. ಆ ಎರಡನೆಯದು ಮುಖ್ಯ.

ಹಳೇ ಹಾಜರಿ ಪುಸ್ತಕ · ವಿಜಯಪುರ

ಇಷ್ಟು ಹೊತ್ತು ಬರೆಯಲೋ ಬೇಡವೋ ಅಂತ ಕೂತಿದ್ದೆ.

ಅವತ್ತು ಆ ಪದ ಗಟ್ಟಿಯಾಗಿ ಓದಿದವನು ನಾನೇ. ಈ ಚರ್ಚೆ ಶುರು ಮಾಡಿದ ತಮ್ಮನಿಗೆ ನಾನು ಯಾರು ಅಂತ ಮೊದಲ ಉತ್ತರದಲ್ಲೇ ಗೊತ್ತಾಗಿರಬೇಕು, ಆದರೆ ದೊಡ್ಡವರು ಅಂತ ಬಿಟ್ಟುಕೊಡಲಿಲ್ಲ. ಸಿಂದಗಿಯ ಹುಡುಗ ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. 'ವ್ಹಾ' ಮೊದಲು ನಾನೇ ಅಂದದ್ದು. ಓದುತ್ತಾ ನಾನೇ ಅಂದೆ. ಉಳಿದವರು ಜೊತೆಗೂಡಿದರು. ತರಗತಿಯಲ್ಲಿ ಆ ಪದ ಎಷ್ಟು ಸಲ ಕಲಿಸಿದ್ದೇನೋ, ಉಪಮೆಗೆ ಉದಾಹರಣೆ ಅಂತ ಬೋರ್ಡಿನ ಮೇಲೆ ಬರೆದಿದ್ದೇನೆ. ಬಾಡಿಗೆ ಎತ್ತು, ಬಾಳೆಲೆ. ಅಡಿಗೆರೆ ಬೇರೆ. ಆ ಹೆಂಗಸು ಯಾರು ಅಂತ ಒಮ್ಮೆಯೂ ಕೇಳಿಕೊಳ್ಳಲಿಲ್ಲ. ತರಗತಿಯಲ್ಲಿ ಯಾರ ಅವ್ವ, ಯಾರ ಚಿಗವ್ವ ಹಾಗಿದ್ದಳೋ ಅದೂ ಗೊತ್ತಿಲ್ಲ.

ಬಿಡಬಾರದು ಅನ್ನುವ ನನ್ನ ಮಾತು ಈಗಲೂ ಅದೇ. ಆದರೆ ಓದಿದ ರೀತಿ ತಪ್ಪು. ಇದನ್ನು ಅವರ ಮುಂದೆ ಹೇಳಬೇಕು, ಇಲ್ಲಿ ಅಲ್ಲ ಅಂತಲೂ ಗೊತ್ತು.

ಮಿರ್ಚಿ ಭಜಿ · ಬೆಳಗಾವಿ

ಮಾಸ್ತರ್ರೇ, ನಿಮ್ಮ ಕೈಲಿ ಕಲಿತವರು ಪುಣ್ಯವಂತರು. ನಮಗೆ ಕಲಿಸಿದವರು ಇನ್ನೂ ಛಂದಸ್ಸಿನ ಲೆಕ್ಕದಲ್ಲೇ ಇದ್ದಾರೆ.

ಬೀಸುಕಲ್ಲು · ವಿಜಯಪುರ

ಸರ್, ಗೊತ್ತಾಗಿತ್ತು. 'ಮೂವತ್ತು ವರ್ಷ ಕನ್ನಡ ಕಲಿಸಿದ' ಅಂತ ಬರೆದ ಕೂಡಲೇ. ನಮ್ಮ ಕೂಟದಲ್ಲಿ ಆ ಮಾತು ತಿಂಗಳಿಗೆ ಎರಡು ಸಲವಾದರೂ ಕೇಳುತ್ತೇವಲ್ಲ.

ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ, ಯಾಕೆಂದರೆ ನಡುವೆ ಒಂದೆರಡು ಸಂಗತಿ ಆಯಿತು.

ನಾನು ಅಕ್ಕನ ಮನೆಗೆ ಹೋಗಿದ್ದೆ. ಅವರು ಹಿತ್ತಲಲ್ಲಿ ಶೇಂಗಾ ಒಣಗಿಸುತ್ತಿದ್ದರು. ನಾನು ಪೀಠಿಕೆ ಶುರು ಮಾಡಿದೆ, ಅವರು ನಿಲ್ಲಿಸಿದರು. ಆಮೇಲೆ ತಾವೇ ಹೇಳಿದರು. ಅವರ ಆಯಿ (ಅಜ್ಜಿ) ಬೀಸುವಾಗ ಆ ಪದ ಹೇಳುತ್ತಿದ್ದರಂತೆ. ಹೇಳುವಾಗ ಧ್ವನಿ ಇಳಿಯುತ್ತಿತ್ತಂತೆ. ಮನೆಯಲ್ಲಿ ಮಕ್ಕಳಿಲ್ಲದ ಒಬ್ಬ ಚಿಗವ್ವ ಇದ್ದರು. ಅವರು ಜೋಳದ ಬುಟ್ಟಿ ತಂದು ಕಲ್ಲಿನ ಇನ್ನೊಂದು ಮಗ್ಗುಲಿಗೆ ಕೂತರೆ ಆಯಿ ಪದ ಬದಲಿಸುತ್ತಿದ್ದರು. ಕಲ್ಲು ನಿಲ್ಲಿಸುತ್ತಿರಲಿಲ್ಲ, ತಿರುಗುತ್ತಲೇ ಇರುತ್ತಿತ್ತು. ಬೇರೆ ಪದ ಅದೇ ಧಾಟಿಯಲ್ಲಿ ಬಂದುಬಿಡುತ್ತಿತ್ತು. ಚಿಗವ್ವನಿಗೆ ಗೊತ್ತಾಗುತ್ತಿರಲಿಲ್ಲವಾ ಅಂತ ಕೇಳಿದೆ. 'ಗೊತ್ತಾಗದೆ ಏನು? ಅದಕ್ಕೇ ಅವಳು ಆಯಿಯ ಜೊತೆಗೇ ಬೀಸಲಿಕ್ಕೆ ಕೂಡುತ್ತಿದ್ದಳು' ಅಂದರು.

ನಾವು ಇಷ್ಟು ದಿನ ಬಿಡಬೇಕೋ ಓದಬೇಕೋ ಅಂತ ಜಗಳ ಆಡಿದೆವು. ಓದು ಬಾರದ ಆಯಿಗೆ ಆ ಜಗಳವೇ ಇರಲಿಲ್ಲ. ಎದುರಿಗೆ ಯಾರು ಕೂತಿದ್ದಾರೆ ಅಂತ ನೋಡಿ ಹೇಳುತ್ತಿದ್ದರು. ಪುಸ್ತಕಕ್ಕೆ ಕಣ್ಣಿಲ್ಲ, ಅದಕ್ಕೆ ನೋಡಲಿಕ್ಕೆ ಆಗುವುದಿಲ್ಲ. ಓದುವವನಿಗಾದರೂ ಆಗಬೇಕಿತ್ತು.

ಮೊನ್ನೆ ರವಿವಾರ ಕೂಟ ಸೇರಿತು. ಅಕ್ಕ ಬಂದರು, ಬರುತ್ತಲೇ 'ಇವತ್ತು ನಾನು ಓದುತ್ತೇನೆ' ಅಂದರು. ಮಾಸ್ತರರು ಎದ್ದು ಪುಸ್ತಕ ಅವರ ಕೈಗೆ ಕೊಟ್ಟು ಏನೋ ಹೇಳಿದರು. ಮೆತ್ತಗೆ ಹೇಳಿದರು, ನಮಗೆ ಕೇಳಿಸಲಿಲ್ಲ. ಅಕ್ಕ ತಲೆ ಆಡಿಸಿದರು, ಅಷ್ಟೇ.

ಹೋದ ಸಲದ ಅದೇ ಭಾಗವನ್ನೇ ಮತ್ತೆ ಮೊದಲಿನಿಂದ ಓದಿದರು. ತವರು, ತೊಟ್ಟಿಲು, ಅಣ್ಣ-ತಂಗಿ. ಆ ಪದದ ಹತ್ತಿರ ಬಂದಾಗ ಮಾಳಿಗೆಯ ಮೇಲೆ ಉಸಿರು ಕೇಳಿಸುತ್ತಿತ್ತು. ಅವರು ಪುಟ ಮಗುಚಿದರು. ಧಾಟಿ ಕೆಡಲಿಲ್ಲ. ಮುಂದಿನ ಪದಕ್ಕೆ ಹೋದರು. ಮಾಸ್ತರರು ಏನೋ ಹೇಳಲಿಕ್ಕೆ ಬಾಯಿ ತೆರೆದು, ಮುಚ್ಚಿದರು. ಓದು ಮುಗಿದ ಮೇಲೆ ಅಕ್ಕ ಪುಸ್ತಕ ಮಡಚಿ, 'ಒಂದು ಬಿಟ್ಟೆ. ಯಾಕೆ ಅಂತ ಕೇಳುವವರಿದ್ದರೆ ಕೇಳಿ' ಅಂದರು.

ಕೇಳಿದ್ದು ಮಾಸ್ತರರೇ. ಆಮೇಲೆ ಒಂದು ತಾಸು ಮಾತು ನಡೆಯಿತು. ಆಯಿಯ ಕಥೆಯನ್ನು ಅಕ್ಕ ಎಲ್ಲರಿಗೂ ಹೇಳಿದರು. ಇನ್ನೂ ಇಬ್ಬರು ತಮ್ಮ ಮನೆಯ ಪದಗಳನ್ನು ನೆನಪು ಮಾಡಿಕೊಂಡರು. ಒಂದು ಯಾವ ಪುಸ್ತಕದಲ್ಲೂ ಇರಲಿಕ್ಕಿಲ್ಲ, ಅಷ್ಟು ಪೋಲಿ. ಹೇಳಿದವರಿಗೆ 72 ವರ್ಷ.

ಮುಂದಿನ ತಿಂಗಳಿಗೆ ರಾವ್‌ಬಹಾದ್ದೂರರ ಕಾದಂಬರಿ 'ಗ್ರಾಮಾಯಣ'. ಅದರಲ್ಲೂ ಚುಚ್ಚುವಂಥದ್ದು ಸಿಗುತ್ತದೆ ಅಂತ ಈಗಲೇ ಇಬ್ಬರು ಹೇಳಿದ್ದಾರೆ. ಗಟ್ಟಿಯಾಗಿ ಓದುವ ಪಾಳಿಗೆ ಚೀಟಿ ಎತ್ತಿದೆವು.

ಇಳಕಲ್ ಸೆರಗು · ಬಾಗಲಕೋಟೆ

ಆ ಪೋಲಿ ಪದ ನನಗೆ ಖಾಸಗಿಯಾಗಿ ಕಳಿಸಿ. ನಮ್ಮ ಅತ್ತೆ-ಸೊಸೆಯರ ಮುಂದೆ ಓದಬಹುದಾ ಅಂತ ನೋಡುತ್ತೇನೆ.

ಹಳೇ ಹಾಜರಿ ಪುಸ್ತಕ · ವಿಜಯಪುರ

ಒಂದು ವಿಷಯ ತಮ್ಮ ಬರೆಯಲಿಲ್ಲ. ಮಾತಿನ ಭರದಲ್ಲಿ ಅವತ್ತು ಚಹಾ ಆರಿ ಹೋಯಿತು, ಚುರಮುರಿ ಮೆತ್ತಗಾಯಿತು. ಆದರೂ ಯಾರೂ ಬಿಡಲಿಲ್ಲ. 'ಗ್ರಾಮಾಯಣ'ದ ಮೊದಲ ಚೀಟಿ ನನ್ನದೇ ಬಂದಿದೆ. ಕನ್ನಡಕದ ನಂಬರು ಬದಲಿಸಿಕೊಂಡು ಬರಬೇಕು.